ಕಂಡಿಕೆ ಹದಿನೇಳು

ಮುಂಡರಗಿ ಬಸ್ಸು ಕೈಮರದ ಹತ್ತಿರ ಇಳಿಸಿ ಹೋಗುತ್ತದೆ.
ಅಲ್ಲಿಂದ ಪಂಚಾಯ್ತಿಗೆ ಹನ್ನೊಂದು ನಿಮಿಷ,
ಗಾಳಿ ಎದುರಿದ್ದರೆ ಹದಿನೈದು.
ಕಪ್ಪತಗುಡ್ಡದ ಮೇಲೆ ಗಾಳಿಕಂಬಗಳು
ಯಾರದೋ ಮೀಟರು ತಿರುಗಿಸುತ್ತ ನಿಂತಿರುತ್ತವೆ.

ನನ್ನ ಚೀಲದಲ್ಲಿ ಹಸಿರು ಶಾಯಿಯ ಪೆನ್ನು,
ಸೊನ್ನೆಯ ಗುಂಡಿ ಸವೆದ ಕ್ಯಾಲ್ಕುಲೇಟರು,
ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ.
ಲೆಕ್ಕ ನೋಡಲು ಹೋದವನು ಆ ಊರಿನ ಉಪ್ಪು ಉಣ್ಣಬಾರದು
ಅಂತ ನನ್ನ ಮೊದಲ ಸಾಹೇಬರು ಹೇಳಿದ್ದರು.
ಚಹಾದ ಬಗ್ಗೆ ಅವರು ಏನೂ ಹೇಳಿರಲಿಲ್ಲ.

ನಗದು ಪುಸ್ತಕ, ವೋಚರಿನ ಕಡತ, ಅಳತೆ ಪುಸ್ತಕ.
ಬೋರ್‌ವೆಲ್ಲಿನ ಮೋಟಾರು ವರ್ಷಕ್ಕೆ ಒಂಬತ್ತು ಸಲ ಸುಟ್ಟಿದೆ,
ಒಂಬತ್ತು ಸಲವೂ ತಿಂಗಳ ಕೊನೆಗೆ.
ಹಳ್ಳದ ದಾರಿಗೆ ಸಿಡಿ ಕಟ್ಟಿದ್ದು, ಎರಡು ಲಕ್ಷ ಎಂಬತ್ತು ಸಾವಿರ:
ಅಂದಾಜು ಪತ್ರಿಕೆ ಇದೆ, ಠರಾವು ಇದೆ,
ಕೆಲಸದ ಮೊದಲು, ನಡುವೆ, ಆಮೇಲೆ ಅಂತ ಮೂರು ಫೋಟೊ.

ಟೇಪು ಹಿಡಿದು ಹೋದೆವು, ನಾನು ಮತ್ತು ನೀರಗಂಟಿ ದುರಗಪ್ಪ.
ಸಿಡಿ ಇತ್ತು. ಉದ್ದ ಸರಿ, ಅಗಲ ಸರಿ,
ಪೈಪಿನ ಸುತ್ತಳತೆ ಕೂಡ ಸರಿ.
ಹಳ್ಳ ಮಾತ್ರ ಆ ಕಾಗದ ಓದಿರಲಿಲ್ಲ,
ನೂರು ಮಾರು ಆಚೆ ತನ್ನ ಹಳೇ ದಾರಿಯಲ್ಲೇ ಇತ್ತು.
ಕ್ರಮಬದ್ಧ, ಅಂತ ಬರೆದೆ. ಬೇರೆ ಏನು ಬರೆಯಲಿ?
ನೀರನ್ನು ಕೇಳುವ ನಮೂನೆ ನಮ್ಮಲ್ಲಿಲ್ಲ.

ದುರಗಪ್ಪ ಬಗ್ಗಿ ಪೈಪಿನೊಳಗೆ ಇಣುಕಿದ.
"ಇಲ್ಲೇ ಇದ್ದನ್ರಿ ಅಂವ, ಎರಡ್ ತಿಂಗಳ.
ಬಾಯಿ ಬರ್ತಿದ್ದಿಲ್ಲ. ಯಾ ಊರಾಂವೊ.
ರೊಟ್ಟಿ ಕೊಟ್ರ ಅರ್ಧ ಮುರದು ನಾಯಿಗೆ ಇಡ್ತಿದ್ದ."

ಆಮೇಲೆ ಸಿಕ್ಕಿತು ವೋಚರು ಅರವತ್ತಮೂರು.
ಹರಿದ ಕ್ಯಾಲೆಂಡರಿನ ಹಿಂಬದಿ, ಪಿಡಿಒ ಶಾರದಾ ಮ್ಯಾಗೇರಿ ಅವರ ಗುಂಡಗಿನ ಅಕ್ಷರ:
ಬಿಳಿ ಅರಿವಿ, 320
ಉಪ್ಪು, 60
ಊದಿನಕಡ್ಡಿ, 40
ಚೆಂಡುಹೂವು, 100
ಕುಣಿ ತೋಡಿದ ನಾಲ್ಕು ಆಳು, 1200
ಅವರಿಗೆ ಚಹಾ, ಮಂಡಕ್ಕಿ, 120.
ಒಟ್ಟು ಹಾಕಿ ನೋಡಿದೆ, ತಪ್ಪಿರಲಿಲ್ಲ.
ಲೆಕ್ಕ ಶೀರ್ಷಿಕೆಯ ಜಾಗದಲ್ಲಿ ಮೊದಲು 'ನೈರ್ಮಲ್ಯ' ಅಂತಿತ್ತು,
ಅದನ್ನು ಹೊಡೆದು, ಪಕ್ಕದಲ್ಲಿ 'ಇತರೆ'.

ರಸೀದಿ ಕೇಳಿದೆ.
"ನದಾಫ್ ಸರ, ರಾತ್ರಿ ಎಂಟಕ್ಕ ಮಣ್ಣು ಮಾಡಿದ್ವಿ," ಅಂದರು ಶಾರದಾ,
"ಸುಡೋದೋ ಹುಗಿಯೋದೋ ಅಂತ ಬ್ಯಾರೆ ಮಂದಿ ಜಗಳ.
ಕುಣಿ ಯಾರಿಗರೆ ನಡೀತದ ಅಂದೆ. ರಸೀದಿ ನೆನಪಾಗ್ಲಿಲ್ಲ."

ಹಸಿರು ಶಾಯಿಯಲ್ಲಿ ಬರೆದೆ:
ಕಂಡಿಕೆ 17. ಅಪರಿಚಿತ ಶವದ ವಿಲೇವಾರಿ, ರೂ. 1,840.
ರಸೀದಿ ಇಲ್ಲ. ಮೃತನ ಗುರುತಿನ ದಾಖಲೆ ಇಲ್ಲ.
ಆಕ್ಷೇಪಣೆಯಲ್ಲಿ ಇಡಲಾಗಿದೆ.
ಅಂದು ಚಹಾ ಕುಡಿಯಲಿಲ್ಲ.

ಮರುವರ್ಷ ಆಕೆಗೆ ರೋಣಕ್ಕೆ ವರ್ಗ.
ಹೋಗುವ ಮುಂಚೆ ಸ್ವಂತ ಸಂಬಳದಿಂದ ಹಣ ತುಂಬಿ
ಚಲನ್ ಲಗತ್ತಿಸಿದ್ದರು. ಚಿಲ್ಲರೆಯೂ ಬಾಕಿ ಇಲ್ಲ.
ಫೋನು ಮಾಡಿದೆ: "ಕಂಡಿಕೆ ಮುಚ್ಚಿಬಿಡ್ಲೇನ್ರಿ?"
"ಮುಚ್ಚಿದ ಮ್ಯಾಲೆ ಆ ಕಾಗದ ಏನ್ ಮಾಡ್ತೀರಿ?"
"ಕೆಲವು ವರ್ಷ ಇಡ್ತೀವಿ. ಆಮೇಲೆ ರದ್ದಿ."
ಅತ್ತ ಯಾವುದೋ ಬಸ್ಸು ಹಾರ್ನು ಹಾಕಿತು,
ಯಾರೋ ಕಂಡಕ್ಟರು ಗದಗ, ಗದಗ ಅಂತ ಕೂಗಿದ.
"ಹಂಗಿದ್ರ ಇರ್ಲಿ ಬಿಡ್ರಿ," ಅಂದರು.

ಪ್ರತಿ ಏಪ್ರಿಲ್ಲಿಗೆ ಮೇಲಿನ ಆಫೀಸಿನಿಂದ ನೋಟಿಸು ಬರುತ್ತದೆ:
ಹಣ ವಸೂಲಾದರೂ ಕಂಡಿಕೆ ಏಕೆ ತೀರಿಲ್ಲ, ಕಾರಣ ತಿಳಿಸಿ.
ಪರಿಶೀಲನೆಯಲ್ಲಿದೆ, ಅಂತ ಬರೆಯುತ್ತೇನೆ.
ಮೂವತ್ತು ವರ್ಷದ ನೌಕರಿಯಲ್ಲಿ
ನಾನು ಬೇಕೆಂದೇ ಬರೆದ ಸುಳ್ಳು ಇದೊಂದೇ.

ಈ ಸಲವೂ ಮುಂಡರಗಿ ಬಸ್ಸಿನಲ್ಲಿ ಹೋಗಿ ಬಂದೆ.
ಬಾಕಿ ಆಕ್ಷೇಪಣೆಗಳ ಪಟ್ಟಿಯಲ್ಲಿ ಮೊದಲ ಸಾಲು ಆತನದು.
ಮುಂದಿನ ವರ್ಷಕ್ಕೆ ಒಯ್ಯಲಾಗಿದೆ: ಒಂದು.