ಆರನೇ ಪಾವಟಿಗಿ

ನಾಲ್ಕು ನೀಲಿ ಡ್ರಮ್ಮು, ಮ್ಯಾಲೊಂದು ಹಳೇ ಬಾಗಿಲು.
ಬಾಗಿಲಿಗೆ ಇನ್ನೂ ಚಿಲಕ ಅದ.
ಅದರ ಮ್ಯಾಲ ಲಾಡ್ಲೇಸಾಬ, ನಾನು, ಒಂದು ಬುತ್ತಿ.
ಶಹಾಬಾದದ ಹಿಂದ, ಬಂದಾದ ಫರ್ಸಿ ಗಣಿಯೊಳಗ
ಮೇ ತಿಂಗಳ ಮುಂಜಾನೆ ಆರಕ್ಕೇ
ಮ್ಯಾಲಿನ ನೀರು ಆರಿದ ಚಹಾದಂಗ ಉಗುರುಬೆಚ್ಚಗ.

'ಇಲ್ಲಿ ಒಂದೂ ಇರಂಗಿಲ್ಲ' ಅಂದ.
'ಇಂಥಾ ಬ್ಯಾಸಗ್ಯಾಗ ನೀ ಮೀನಾಗಿದ್ರ ಇಲ್ಲಿರ್ತಿದ್ದೇನು?'

ಅವನ ಹಂತೇಲಿ ಗಾಳದ ಕೋಲಿಲ್ಲ.
ಬಾಟ್ಲಿಗೆ ಸುತ್ತಿದ ದಾರ, ಕೋಳಿ ಕರುಳು,
ಭಾರಕ್ಕ ಒಂದು ಮುಕ್ಕಾದ ಉಳಿ,
ಬಡದು ಬಡದು ಹೆಬ್ಬೆರಳಿನಷ್ಟೇ ಉಳಿದದ್ದು.
ಬಿಟ್ಟ. ಸರ್ರನೆ ಹೋಯ್ತು.
ಅವ ಎಣಿಸಿದ. ಮಾರಿನ ಲೆಕ್ಕ ಅಲ್ಲ:

'ಇದು ಮಣ್ಣು. ಇದು ಗರಸು.
ಇದು ಕೆಂಪು ಪದರು, ಯಾರೂ ಕೊಳ್ಳಂಗಿಲ್ಲ,
ಒಡ್ಡಿಗೆ ಒಗೀತಿದ್ದೆವು.
ಇದು ಹಳದಿ.
ಇದು ಕರಿಕಲ್ಲು, ಇದಕ್ಕ ಸೊಲ್ಲಾಪುರದ ಲಾರಿ ಸಾಲುಗಟ್ಟಿ ನಿಲ್ತಿದ್ವು.
ಇಲ್ಲಿ ರಸೂಲಬಿ ಜಾರಿದ್ದು.
ಇದು ನನ್ನ ಶಾದಿ ಆದ ವರ್ಷ.'

ದಾರ ಇಳೀತನೇ ಇತ್ತು.
ಎಷ್ಟು ಆಳ ಅದ ಕಾಕಾ, ಅಂದೆ.
ಬಾಟ್ಲಿ ತಿರುಗೋದು ನೋಡಕೋತ ಅಂದ:
'ಹನ್ನೊಂದು ವರ್ಷ.'

ಟುಕ್.
ತಳ ಮುಟ್ಟಿದ್ದು ಬೆರಳಿಗೆ ಗೊತ್ತಾಯ್ತು, ಕಿವಿಗಲ್ಲ.
ಹೊರಗ ಕದ ತಟ್ಟಿದವರು ಯಾರಂತ ಆಲಿಸೋರಂಗ
ತಲಿ ಓರೆ ಮಾಡಿ ಕೂತ ಒಂದಷ್ಟು ಹೊತ್ತು.
ಆಮ್ಯಾಲ ಎರಡು ಗೇಣು ಎತ್ತಿದ, ಬಿಟ್ಟ.
ಎತ್ತಿದ, ಬಿಟ್ಟ.
ಕಲ್ಲು ಸೀಳೂ ಮುಂದ ಮೊದಲ ಏಟು ಹಿಂಗೇ ಇರಬೇಕಂತ,
ಕಲ್ಲಿಗೆ ತಿಳೀಬೇಕು, ಹೆದರಬಾರದಂತ.

ವಾಡಿ ಕಡೆ ಗೂಡ್ಸು ಹೋಯ್ತು, ನೀರಿಗೆ ಸಣ್ಣ ನಡುಕ.
ಕೂಲಿಯವರು ಇಳಿದಂಗ ಬಿಸಿಲು
ಒಂದೊಂದೇ ಪಾವಟಿಗಿ ಇಳಿದು ಬಂತು.
ಬುತ್ತಿ ಬಿಚ್ಚಿದೆವು. ಕಟಕ ರೊಟ್ಟಿ, ಪುಂಡಿಪಲ್ಯ, ಸೇಂಗಾ ಹಿಂಡಿ.
ಅವನ ಎಡಗೈಯಾಗ ದಾರ, ಬಲಗೈಯಾಗ ರೊಟ್ಟಿ.
'ನಾವು ಉಣ್ಣೋ ಜಾಗ ಇದರ ಕೆಳಗೇ' ಅಂದ, 'ಆ ಮೂಲ್ಯಾಗ.
ಎರಡು ಗಂಟಿ ತನ ನೆಳ್ಳು ಇರ್ತಿತ್ತು.'
ಈಗ ಅಲ್ಲಿ ಪೂರಾ ನೆಳ್ಳೇ.

ಆಗ ಹಿಡೀತು.
ಜಗ್ಗಲಿಲ್ಲ. ಬರೇ ಭಾರ ಆಯ್ತು ದಾರ,
ಕೆಳಗ ಯಾರೋ ಕೈ ಚಾಚಿ ಉಳಿ ಇಸಕೊಂಡಂಗ.
ರೊಟ್ಟಿ ನೀರಿಗೆ ಬಿತ್ತು.
'ಬಾಳಿ ಮೀನು. ಕಾಗಿಣಾ ಏರಿ ಬಂದ ವರ್ಷ
ಒಳಗ ಬಿದ್ದದ್ದು, ಹೊರಗ ಹೋಗಾಕ ದಾರಿ ಸಿಕ್ಕಿಲ್ಲ ಪಾಪ.'

ನಾ ದಾರ ಹಿಡಿದು ಜಗ್ಗಾಕ ಹತ್ತಿದೆ.
ಪಟ್ಟನೆ ಕೈ ಮ್ಯಾಲ ಹೊಡೆದ.
'ನಿಂದ್ರಸು! ಆರನೇ ಪಾವಟಿಗಿಗೆ ನಿಂದ್ರಸು.
ತಲಿ ಮ್ಯಾಲ ಚಪ್ಪಡಿ ಹೊತ್ತೋರೆಲ್ಲ ಅಲ್ಲೇ ನಿಲ್ತಿದ್ರು.
ಒಮ್ಮಿಗೇ ತಂದ್ರ ಹೊಟ್ಟಿ ಉಬ್ಬತದ ಅದರದು.'

ನಿಂತೆವು.
ದಾರದ ಆ ತುದಿಗೆ ಅದೂ ನಿಂತಿತ್ತು, ದಮ್ಮು ತೊಗೋತ.
ಒಂದು ಮಾತು ಕೇಳಬೇಕಂತ ಬಾಯಿ ತೆರೆದೆ,
ರಸೂಲಬಿ ಹತ್ತೋ ಮುಂದ ಜಾರಿದ್ದೋ, ಇಳಿಯೋ ಮುಂದೋ.
ಕೇಳಲಿಲ್ಲ.

ಬಾಗಿಲ ಮ್ಯಾಲ ದಾರ ಉಂಗುರ ಉಂಗುರ ಬಿತ್ತು.
ಮೊದಲಿಂದು ಬೆಚ್ಚಗ. ಕಡೀದು ಸಂಕ್ರಾಂತಿ ಮುಂಜಾನಿಯಷ್ಟು ತಣ್ಣಗ.
ಆ ಹಸಿ ದಾರ ತೊಗೊಂಡು, ದರ್ಗಾದ ದಾರದಂಗ,
ಎರಡೂ ಕಣ್ಣಿಗೆ ಒತ್ತಿಕೊಂಡ ಲಾಡ್ಲೇಸಾಬ.
ಮೀನಿನ ಕಡೆ ಆಮ್ಯಾಲ ನೋಡಿದ.

ಬೂದಿ ಬೆನ್ನು, ಉದ್ದನ ಮೀಸಿ, ಏಳೆಂಟು ಕಿಲೋ ಇದ್ದೀತು.
'ನೀನೇ ಒಯ್ಯಿ' ಅಂದ. 'ನಾ ಮೀನು ತಿನ್ನಂಗಿಲ್ಲ.'
ಉಳಿ ಲುಂಗಿಗೆ ಒರೆಸಿ ಕಿಸೆಗೆ ಹಾಕಿಕೊಂಡ.

ಮನ್ಯಾಗ ಫರ್ಸಿ ಮ್ಯಾಲ ಇಟ್ಟೆ.
ಅರಿಶಿಣ ಎಲ್ಲದ ಅಂತ ಒಳಗಿಂದ ಕೇಳ್ತಿದ್ಲು ಗೌರಾಬಾಯಿ.
ಮೀನಿನ ನೀರು ಹರಿದು ಕಲ್ಲು ಕಪ್ಪಾಯ್ತು,
ಇಷ್ಟು ವರ್ಷ ಕಂಡಿರದ ಉಳಿ ಗುರುತು
ಸಾಲಾಗಿ ಎದ್ದು ಕಂಡವು.
ಎಣಿಸಕೋತ ಹೋದೆ.
ಆರಕ್ಕ ನಿಂತೆ.