ಖಾಲಿ ಸೀಟಿಗೆ ಟಿಕೆಟ್

ಮೂರನೇ ಸಲ ಲಾಲ್‌ಬಾಗಿಗೆ ಬಂದಿದ್ದೇನೆ,
ಮಧ್ಯಾಹ್ನದ ಒಂದು ಟ್ರಿಪ್ಪು ಬಿಟ್ಟು, ಖಾಕಿ ಬಿಚ್ಚದೆ.
ಕೈಯಲ್ಲಿ ನೋಟೀಸು: ಬೋಳಾರ, ಹಂಚಿನ ಮನೆ,
ನಾಲ್ಕು ವರ್ಷದ ಬಾಕಿ, ಬಾಕಿಗೆ ದಂಡ,
ದಂಡದ ಕೆಳಗೆ ಸಣ್ಣ ಅಕ್ಷರದಲ್ಲಿ
ಕಸ ವಿಲೇವಾರಿ ಶುಲ್ಕ.

ಯಾವ ಕಸ, ಮೇಡಂ?
ದೊಡ್ಡಮ್ಮ ಯೂನಿಸ್ ತೀರಿಕೊಂಡ ಎಂಟನೇ ದಿನ
ನಾನೇ ಬೀಗ ಹಾಕಿದ್ದು.
ಒಂದು ಬೂತಾಯಿಯ ಮುಳ್ಳು
ಅಲ್ಲಿಂದೀಚೆ ಆ ಮನೆಯಿಂದ ಹೊರಗೆ ಬಿದ್ದಿಲ್ಲ.
ಕರೆಂಟಿನ ಮೀಟರು ನೋಡಿ ಬೇಕಾದರೆ,
ಚಕ್ರ ನಿಂತಲ್ಲೇ ನಿಂತಿದೆ,
ಗಾಜಿನೊಳಗೆ ಒಂದು ಇರುವೆ ಸತ್ತಿದೆ.

ಕುಸುಮಾಕ್ಷಿ ಮೇಡಂ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.
"ವಾಸ ಅಂತ ಉಂಟು, ವಾಣಿಜ್ಯ ಅಂತ ಉಂಟು.
ಖಾಲಿ ಮನೆ ಅಂತ ಇದರಲ್ಲಿ ಇಲ್ಲ ಮಾರಾಯ್ರೆ.
ಖಾಲಿ ನಿವೇಶನ ಉಂಟು.
ಅದಕ್ಕೆ ನೀವು ಮನೆ ಕೆಡವಬೇಕು."

ಕೆಡವಿದರೆ ನನಗೆ ಉಳಿಯುವುದೆಂತ?
ಮೂಲಗೇಣಿ ಚೀಟು ತಂದಿದ್ದೇನೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.
ದೊಡ್ಡಮ್ಮನ ಅಜ್ಜ, ಕಾರ್ಖಾನೆಯಲ್ಲಿ ಹಂಚು ಸುಡುತ್ತಿದ್ದವ,
ಹೆಬ್ಬೆಟ್ಟು ಒತ್ತಿದ್ದಾನೆ.
ಮಾಸಿದ ಶಾಯಿಯೋ ಜೇಡಿಮಣ್ಣೋ ಗೊತ್ತಾಗುವುದಿಲ್ಲ.
ವರ್ಷಕ್ಕೆ ಒಂಬತ್ತು ರೂಪಾಯಿ ನಾಲ್ಕಾಣೆ,
ಎರಡು ತೆಂಗಿನಕಾಯಿ ಬೇರೆ,
ಸೂರ್ಯ ಚಂದ್ರರಿರುವ ತನಕ.
ಧಣಿಗಳಿಗೆ ಈಚೆಗೆ ಮನಿಯಾರ್ಡರ್ ಕಳಿಸಿದರೆ
ವಿಳಾಸದಲ್ಲಿ ಯಾರೂ ಇಲ್ಲವೆಂದು ವಾಪಸು.
ಮಣ್ಣು ಅವರದು, ಗೋಡೆ ನಮ್ಮದು.
ಗೋಡೆಗಳ ನಡುವೆ ನಿಂತ ಗಾಳಿ ಉಂಟಲ್ಲ,
ಅದನ್ನು ಯಾರ ಹೆಸರಿಗೆ ಬರೆದಿದ್ದೀರಿ?

ಇಪ್ಪತ್ತೆರಡು ವರ್ಷ ಫುಟ್‌ಬೋರ್ಡಿನಲ್ಲಿ ನೇತಾಡಿದವ ನಾನು,
ಖಾಲಿ ಸೀಟಿಗೆ ಒಂದು ದಿನ ಟಿಕೆಟ್ ಹರಿದವನಲ್ಲ.
ಹೇಳಿಯೇ ಬಿಟ್ಟೆ. ಹಿಂದೆ ನಿಂತವರು ನಕ್ಕರು.
ಮೇಡಂ ಆಗ ತಲೆ ಎತ್ತಿದರು:
"ಖಾಲಿ ಬಸ್ಸಿಗೆ ಡೀಸೆಲು ಬೇಡವಾ?"

ಉತ್ತರ ಇರಲಿಲ್ಲ.
ಅರ್ಜಿ ಇತ್ತು, ಕೊಟ್ಟೆ.
ಮೊಹರು ಓರೆಯಾಗಿ ಬಿತ್ತು.

ಬುಧವಾರ ಸ್ಥಳ ತನಿಖೆ.
ಖಾಲಿ ಮನೆ ಖಾಲಿಯಾಗಿ ಕಾಣಬೇಕಲ್ಲ,
ಆರು ಗಂಟೆಗೇ ಹೋಗಿ ಬೀಗಕ್ಕೆ ತೆಂಗಿನೆಣ್ಣೆ ಬಿಟ್ಟೆ.
ಮಾಡಿನ ಎರಡು ಹಂಚು ಸರಿದು
ಬಿಸಿಲು ಚಾವಡಿಯ ನಡುವೆ ಗೇಣಿ ಕೊಡದೆ ಕೂತಿತ್ತು.
ಅದರ ಸುತ್ತ ಗುಡಿಸಿದೆ.
ಬಾವಲಿಯ ಹಿಕ್ಕೆ, ಗೆದ್ದಲು ತಿಂದ ಸಂಗೀತ ಪುಸ್ತಕದ ಅಂಚು,
ಗ್ಯಾಸ್ ಬಂದ ದಿನಕ್ಕೆ ಸುತ್ತು ಹಾಕಿದ ಕ್ಯಾಲೆಂಡರು,
ಎಡಗಾಲಿನ ಒಂದು ಹವಾಯಿ ಚಪ್ಪಲಿ
(ಬಲಗಾಲಿನದ್ದು ಎಷ್ಟು ಹುಡುಕಿದರೂ ಸಿಗಲಿಲ್ಲ),
ಕಿಟಕಿಯಿಂದ ನುಗ್ಗಿದ ಹಲಸಿನ ಎಲೆ.
ಸಿಮೆಂಟಿನ ಚೀಲ ಒಂದು ತುಂಬಿತು.
ಬಾಯಿ ಕಟ್ಟಿ ಗೇಟಿನ ಹೊರಗಿಟ್ಟೆ.

ಕಂದಾಯದ ಲೋಹಿತಾಶ್ವರು ಬಂದವರು
ಮನೆ ನೋಡಲಿಲ್ಲ, ಚೀಲ ನೋಡಿದರು.
ಅದೇ ಹೊತ್ತಿಗೆ ಪಾಲಿಕೆಯ ಗಾಡಿ ಹಾಡು ಹಾಕಿಕೊಂಡು ಬಂತು.
ಹುಡುಗ ಇಳಿದ, ಎತ್ತಿದ, ಎಸೆದ.
ನನ್ನ ಇಡೀ ತಕರಾರು
ಪಚ್ಚನಾಡಿಗೆ ಹೊರಟು ಹೋಯಿತು.

ಪಾಪ, ಅವರೇನೂ ಬರೆದುಕೊಳ್ಳಲಿಲ್ಲ.
ಬಾವಿಯ ನೀರು ಕೇಳಿದರು.
ರಾಟೆ ಹೊಸಬರನ್ನು ಕಂಡಂತೆ ಕಿರುಚಿತು.
ಕೊಡಪಾನ ಎತ್ತಿ ಕುಡಿದು, ಗಡ್ಡ ಒರೆಸಿ,
"ಯಾರೂ ಬಳಸುವುದಿಲ್ಲವಾ ಇದನ್ನು?"
ನಾನೂ ಕುಡಿಯುತ್ತಾ ಇದ್ದೆ, ಬಾಯಲ್ಲಿ ನೀರು.

ದಂಡ ಬಿಟ್ಟರು. ತೆರಿಗೆ, ಕಸ ಉಳಿಯಿತು.
ಬ್ಯಾಗಿನ ಚಿಲ್ಲರೆಯನ್ನೇ ಎಣಿಸಿ ಕೊಟ್ಟೆ,
ಕೌಂಟರಿನವ ಶಪಿಸುತ್ತಾ ತೆಗೆದುಕೊಂಡ.
ರಶೀದಿಯಲ್ಲಿ ಇಷ್ಟು ಬರೆದಿದೆ:
ಯೂನಿಸ್ ಕುಂದರ್.
ಉಪಯೋಗ: ಸ್ವಂತ ವಾಸ.