ಸಕ್ಕರೆ ವರದಿಯ ಹಿಂಬದಿ

ಮಂಡ್ಯದ ನೂರಡಿ ರಸ್ತೆಯ ಲ್ಯಾಬಿನಲ್ಲಿ
ಬೆಳಗಿನ ಖಾಲಿಹೊಟ್ಟೆಗಳ ಸಾಲು ಕರಗಿದ ಮೇಲೆ
ಯಾರೋ ಬಿಟ್ಟುಹೋದ ವರದಿಯೊಂದನ್ನು ಮಗುಚಿ
(ಮುಂಬದಿಯಲ್ಲಿ ಇನ್ನೂರ ಹನ್ನೆರಡು, ಸಕ್ಕರೆ ನಾಡಿನ ಸಕ್ಕರೆ)
ಹಿಂದಿನ ಬಿಳಿಯಲ್ಲಿ ನಾಲ್ಕು ಮನೆ ಗೀಚಿದೆ.
ಮನೆಗೊಂದು ಸೆಮಿಸ್ಟರು.
ಎಂಎಸ್ಸಿ, ಪ್ರಾಣಿಶಾಸ್ತ್ರ, ಮಾನಸಗಂಗೋತ್ರಿ.
ಬರೆದ ಕೂಡಲೇ ಅಂಗೈ ಅಡ್ಡ ಇಟ್ಟೆ,
ಪರೀಕ್ಷೆಯಲ್ಲಿ ಪಕ್ಕದವಳಿಗೆ ಕಾಣದ ಹಾಗೆ.

ಮೂವತ್ನಾಲ್ಕು ನನಗೆ.
ಬಿಎಸ್ಸಿಯ ಅಂಕಪಟ್ಟಿ ಹನ್ನೆರಡು ವರ್ಷದಿಂದ
ಧಾರೆ ಸೀರೆಯ ಮಡಿಕೆಯೊಳಗೆ, ನುಸಿಗುಳಿಗೆಯ ವಾಸನೆ ಹೊತ್ತು.
ಹಾಗಂತ ಜೀವಶಾಸ್ತ್ರವನ್ನೇನು ಬಿಟ್ಟಿರಲಿಲ್ಲ:
ದಿನಕ್ಕೆ ಅರವತ್ತು ತೋಳು, ಅರವತ್ತು ನೀಲಿ ನರ,
ಸೂಜಿ ಕಂಡು ಮುಖ ತಿರುಗಿಸುವ ಗರಡಿ ಪೈಲ್ವಾನರು.
ಕೆಂಪು ಕಣ ಎಣಿಸಿದ್ದೇನೆ. ಎಷ್ಟು ಎಂದು ಎಲ್ಲರೂ ಕೇಳಿದರು,
ಯಾಕೆ ಎಂದು ಯಾರೂ ಕೇಳಲಿಲ್ಲ.

ಮೊದಲ ಮನೆ: ಜೀವಕೋಶ, ಜೀವರಸಾಯನ.
ಇದನ್ನು ರೈಲಿನಲ್ಲೇ ಮುಗಿಸಬೇಕು.
ಯಲಿಯೂರು ಬರುವಷ್ಟರಲ್ಲಿ ಗ್ಲೂಕೋಸು ಎರಡು ತುಂಡು,
ಬ್ಯಾಡರಹಳ್ಳಿಗೆ ಕ್ರೆಬ್ಸ್ ಚಕ್ರ ಅರ್ಧ ಸುತ್ತು,
ಪಾಂಡವಪುರದಲ್ಲಿ ಕಡ್ಲೆಕಾಯಿಯವನು ಕೂಗುತ್ತ ಹತ್ತಿದನೋ
ಸಿಟ್ರಿಕ್ ಆಮ್ಲದಿಂದ ಮತ್ತೆ ಶುರು.
ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಮಾತ್ರ ಪುಸ್ತಕ ಮುಚ್ಚುವುದು.
ಹೊಳೆಗೆ ಅಷ್ಟು ಮರ್ಯಾದೆ.

ಎರಡನೆಯದು ತಳಿಶಾಸ್ತ್ರ. ಅದರ ಅಂಚಿನಲ್ಲಿ ಸಣ್ಣಗೆ
ಇಂಚರಳ ನಾಲ್ಕನೇ ಕ್ಲಾಸು, ಅವಳ ಡಬ್ಬಿ, ಅವಳ ಎರಡು ಜಡೆ.
(ಜಡೆ ಕಲಿಯಲು ಅವಳಪ್ಪನಿಗೇ ಒಂದು ಸೆಮಿಸ್ಟರು ಬೇಕು.)
ಸಂಬಳ ನಿಲ್ಲುತ್ತದೆ. ಸಂಜೆಯ ಅರ್ಧ ಪಾಳಿ ಕೇಳಿದ್ದಕ್ಕೆ
ಸರ್ದಾರ್ ಸರ್ "ನೋಡೋಣ" ಅಂದರು.
ಆ ನೋಡೋಣವನ್ನೂ ಒಂದು ಅಂಕಿ ಮಾಡಿ ಕೂಡಿದ್ದೇನೆ, ಪೆನ್ಸಿಲಿನಲ್ಲಿ.
ಚೀಟಿ ದುಡ್ಡು ಬರುವುದು ಫೀಸಿನ ಕೊನೆಯ ದಿನ ದಾಟಿದ ಮೇಲೆ.
ಕೋರ್ಟಿನೆದುರು ಜೆರಾಕ್ಸ್ ಅಂಗಡಿಯಿಟ್ಟ ನನ್ನ ಗಂಡ
ಲೆಕ್ಕವೆಲ್ಲ ಕೇಳಿ, ಬಹಳ ಹೊತ್ತು ಸುಮ್ಮನಿದ್ದು, ಅಂದದ್ದು ಇಷ್ಟು:
"ನೋಟ್ಸ್ ಜೆರಾಕ್ಸು ಪುಕ್ಕಟೆ ಕನಮ್ಮಿ."

ಮೂರನೆಯದು ಪರಿಸರ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ
ಹೆಜ್ಜಾರ್ಲೆ ಎಣಿಸುವ ಇಪ್ಪತ್ತೆರಡರ ಹುಡುಗಿಯರು
ನನ್ನನ್ನು ಮೇಡಂ ಅನ್ನಬಹುದು, ಆಂಟಿ ಅನ್ನಬಹುದು.
ಅದಕ್ಕೇನು ತಯಾರಿಯೋ ತೋಚದೆ
ಅರ್ಧ ಮನೆ ಖಾಲಿ ಬಿಟ್ಟೆ.

ನಿಜ ಹೇಳಿದರೆ, ಮೊದಲು ತುಂಬಿದ್ದೇ ನಾಲ್ಕನೆಯ ಮನೆ.
ಪ್ರಾಜೆಕ್ಟು: ಗದ್ದೆ ಏಡಿ.
ಕೊತ್ತತ್ತಿಯ ನಾಲೆ ಬದಿಯಲ್ಲಿ, ಮೊಣಕೈವರೆಗೂ ಬಿಲದೊಳಗಿಟ್ಟು
ಅಜ್ಜಿ ಹೇಳುತ್ತಿದ್ದಳು: "ಅಮಾಸೆ ಏಡಿ ಹಿಡಿ ಮಗ,
ಹುಣ್ಣಿಮೇದ್ರಲ್ಲಿ ಬರೀ ನೀರು."
ಹೌದೆ? ಯಾರಾದರೂ ತೂಗಿ ನೋಡಿದ್ದಾರೆಯೆ?
ಆರು ಹುಣ್ಣಿಮೆ, ಆರು ಅಮಾವಾಸ್ಯೆ, ಒಂದು ತಕ್ಕಡಿ.
ಚಿಪ್ಪು ಕಳಚಿದ ಏಡಿ ಎಷ್ಟು ದಿನ ಅಡಗಿರುತ್ತದೆ,
ಮೈ ಗಟ್ಟಿಯಾಗುವ ತನಕ ಅದಕ್ಕೆ ಊಟ ಯಾರು ಕೊಡುತ್ತಾರೆ.
(ಕೊನೆಯದು ವಿಜ್ಞಾನದ ಪ್ರಶ್ನೆಯಲ್ಲ. ಹೊಡೆದುಹಾಕಿದೆ.)
ಅಜ್ಜಿ ಇಲ್ಲ ಈಗ. ನಾಲೆಯ ಬದಿಗೆ ಸಿಮೆಂಟು.
ಏಡಿಯೇ ಸಿಗದಿದ್ದರೆ?
ಸಿಗಲಿಲ್ಲ ಎನ್ನುವುದನ್ನೂ ತಾರೀಖು ಹಾಕಿ ಬರೆಯಬೇಕು.

"ಅವ್ವಾ, ನನ್ ಸಕ್ರೆ ಚೀಟಿ ಇಲ್ಲೇ ಬುಟ್ಟೋದ್ನಾ?"
ಬಾಗಿಲಲ್ಲಿ ಇನ್ನೂರ ಹನ್ನೆರಡು, ಹೆಗಲಲ್ಲಿ ಟವೆಲು.
ಇನ್ನೊಂದು ಪ್ರತಿಗೆ ಪ್ರಿಂಟರಿನಲ್ಲಿ ಶಾಯಿ ಇಲ್ಲ.
ಕೊಟ್ಟೆ. ತಿರುವಿ ನೋಡಿದ.
"ಇದೇನವ್ವ ಹಿಂದ್ಗಡೆ ಮನೆಮನೆ? ಪಥ್ಯವಾ?"
"ಹ್ಞೂಂ."
"ಎಷ್ಟು ದಿನ ಮಾಡ್ಬೇಕು?"
"ಎರಡು ವರ್ಷ."
ಆತ ನಿಟ್ಟುಸಿರಿಟ್ಟು, ನಾಲ್ಕು ಮಡಿಕೆ ಮಾಡಿ,
ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಬಿಸಿಲಿಗಿಳಿದ.
ನಾನು ಇನ್ನೊಬ್ಬರು ಬಿಟ್ಟುಹೋದ ವರದಿ ಹುಡುಕತೊಡಗಿದೆ.